ಬಸುರಿಗೆ ಉಡಿ ತುಂಬುವ ಮೋನಮ್ಮ

ಬೆಳ್ಳಿಚುಕ್ಕೆ ಮೂಡುವುದರೊಳಗೆ ಮೋನಮ್ಮ ಅಂಗಳ ಗುಡಿಸಿ ಸೆಗಣಿ ನೀರು ಚಿಮುಕಿಸಿರಬೇಕು. ಕಾಲುವೆಗೆ ಹೋಗಿ ನೀರು ತಂದು, ಅದರ ಮೇಲೆ ತೇಲುವ ಎಣ್ಣೆಯ ಪದರ ಹೋಗುವವರೆಗೆ ಹಳೇ ಧೋತರದ ತುಂಡಿನಲ್ಲಿ ಸೋಸಿ ಹಂಡೆ ತುಂಬಿಸಿರಬೇಕು. ಆಡುಗಳ ಹಿಕ್ಕೆ ಬಳಿದು, ಒಲೆ ಹೊತ್ತಿಸಿ, ಎಸರು ಕುದಿಸಿ, ಜೋಳದ ಹಿಟ್ಟು ನಾದಿ ರೊಟ್ಟಿ ಬಡಿದಿರಬೇಕು. ಅತ್ತೆ ಅಯ್ಯಮ್ಮಳ ಮೊಣಕಾಲಿಗೆ ಬಿಸಿನೀರಿನ ಶಾಖ, ಬಾಯಿಗೆ ಚಹಾ, ಎಲೆಯಡಿಕೆಯ ಸಂಚಿ ಕೈಗೆ ನಿಲುಕುವಷ್ಟು ಹತ್ತಿರ. ಹಿಂದಿನ ದಿನದ ಪಾತ್ರೆ ಬೆಳಗುವುದು, ಒಗೆದ ಬಟ್ಟೆ ಹರವುವುದು, ಮಧ್ಯಾಹ್ನಕ್ಕೆ ಅತ್ತೆಗೆ ಬೇಳೆ ಬೇಯಿಸಿ ಮುಚ್ಚಿಡುವುದು. ಇಷ್ಟೆಲ್ಲ ಆದ ಮೇಲೆ ಕೊನೆಯ ಕೆಲಸ: ಗಲ್ಲಕ್ಕೆ ಅರಿಸಿನ, ಹಣೆಗೆ ಅಗಲ ಕುಂಕುಮ, ಮುಡಿಗೆ ಹೂವು. ಮುಂಗೈಯ ಹಸಿರು ಬಳೆಗಳಲ್ಲಿ ಯಾವುದಾದರೂ ಒಡೆದಿದೆಯೇ ಎಂದು ಒಲೆಯ ಬೆಳಕಿಗೆ ಹಿಡಿದು ನೋಡಿಕೊಳ್ಳುವುದು.

ಈ ಕೊನೆಯದನ್ನು ಸಿಂಗಾರ ಎನ್ನುವವರು ಒಂದು ದಿನ ಅವಳ ಜೊತೆ ಬೋನಾಳದ ಕೆರೆಯ ಗೇಟಿಗೆ ಬಂದು ನೋಡಬೇಕು. ಅಲ್ಲಿ ಗುತ್ತೇದಾರ ಹಣಮಂತ್ರಾಯ ಬ್ಯಾಟರಿ ಹಿಡಿದು ನಿಂತಿರುತ್ತಾನೆ. ಕೆಲಸಕ್ಕೆ ಬಂದ ಒಬ್ಬೊಬ್ಬ ಹೆಂಗಸಿನ ಮೇಲೂ ಬೆಳಕು ಬಿಟ್ಟು ಹಣೆ, ಕೊರಳು, ಮುಂಗೈ, ಕಾಲ್ಬೆರಳು ಪರೀಕ್ಷಿಸಿ ಒಳಗೆ ಬಿಡುತ್ತಾನೆ.

"ನಿನ್ನ ಬಳಿ ಯಾಕ ಕಮ್ಮಿ ಆಗ್ಯಾವ?"

"ರೊಟ್ಟಿ ಬಡಿಯಾಗ ಒಡದ್ವರಿ ಸಾವ್ಕಾರ," ಎನ್ನುತ್ತಾಳೆ ಮೋನಮ್ಮ.

"ಮೆಲ್ಲಗ ಬಡಿ. ಬರೇ ಕೈಲೆ ಬಂದ್ರ ಒಳಗ ಬಿಡಂಗಿಲ್ಲ. ಗಂಡ ಮನ್ಯಾಗ ಇಲ್ಲಂದ್ರ ಬಳಿ ಹೆಚ್ಚು ಜ್ವಾಕಿ ಮಾಡಬೇಕು."

"ಗಂಡ ಮನ್ಯಾಗ ಇದ್ದಾಗೇ ಬಳಿ ಹೆಚ್ಚು ಒಡೀತಾವ್ರಿ ಸಾವ್ಕಾರ," ಎಂದು ಸಾಲಿನ ಹಿಂದಿನಿಂದ ದೇವಕಮ್ಮ ಅನ್ನುತ್ತಾಳೆ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಹಣಮಂತ್ರಾಯನೂ ನಗುತ್ತಾನೆ. ಬ್ಯಾಟರಿಯನ್ನು ಮಾತ್ರ ಕೆಳಗಿಳಿಸುವುದಿಲ್ಲ.

ಗೇಟಿನಾಚೆ ಕೆರೆ, ಕೆರೆಯ ಮೇಲೆ ಆ ವಿಮಾನ. ಸೈನ್ಯದವರು ಅದಕ್ಕಿಟ್ಟ ಹೆಸರಿನಲ್ಲಿ ಅಕ್ಷರಕ್ಕಿಂತ ಅಂಕಿಗಳೇ ಹೆಚ್ಚು. ಜನರ ಬಾಯಲ್ಲಿ ಅದು ಬಸುರಿ. ಬೋನಾಳದ ಮನೆಗಳನ್ನೆಲ್ಲ ಕಿತ್ತು ಪೇರಿಸಿದರೂ ಜಾಗ ಉಳಿಯುವಂಥ ಹೊಟ್ಟೆ ಅದರದು. ಯುದ್ಧ ಶುರುವಾದ ವರ್ಷ ಕಾಲುವೆಯಿಂದ ಕೆರೆಗೆ ಹೊಸ ತೂಬು ಕಡಿದು, ಕೆರೆಯನ್ನು ಹೊಲಗಳ ಮೇಲೆ ಹರವಿ, ಅದನ್ನು ಇಲ್ಲಿಳಿಸಿದರು. ನೀರು ಕುಡಿದು, ಕುಡಿದ ನೀರನ್ನೇ ಸುಟ್ಟು ಹಾರುವ ಯಂತ್ರವಂತೆ. ಅದು ನೀರು ಕುಡಿಯುವ ವಾರ ಕಾಲುವೆಯ ಕೆಳಗಿನ ಗೇಟುಗಳೆಲ್ಲ ಬಂದ್. ವಡಗೇರಾದ ಕಡೆ ನೆಲ್ಲು ಹಳದಿಯಾಗುತ್ತದೆ, ಆ ಹೊಲದ ಗಂಡಸರು ಇಲ್ಲಿ ಹಮಾಲರಾಗಿ ಬರುತ್ತಾರೆ. ಕೆರೆಯ ಹಕ್ಕಿಗಳು ಮೊದಲ ದಿನ ಎದ್ದು ಹೋದವು ಮತ್ತೆ ಬರಲಿಲ್ಲ. ಬಸುರಿ ಮೇಲೆದ್ದಾಗ ಅದರ ರೆಕ್ಕೆಯ ನೆರಳು ಸುರಪುರದ ಗುಡ್ಡ ದಾಟುವ ತನಕ ಓಣಿಯ ಕೋಳಿಗಳು ಸಂಜೆಯಾಯಿತೆಂದು ಗೂಡಿನ ಕಡೆ ಓಡುತ್ತವೆ.

ಅಷ್ಟು ದೊಡ್ಡ ಯಂತ್ರಕ್ಕೂ ಹಮಾಲರು ಬೇಕಿತ್ತು. ಯುದ್ಧ ನಡೆಯುವ ಜಾಗಕ್ಕೆ ಇಲ್ಲಿಯವರು "ಆ ಕಡೆ" ಎನ್ನುತ್ತಾರೆ. ಆ ಕಡೆ ಶತ್ರುಗಳು ಗಾಳಿಯಲ್ಲಿ ಎಂಥದೋ ಅಲೆ ಬಿಟ್ಟಿದ್ದಾರೆ. ಬಸುರಿಯ ದಪ್ಪ ಚರ್ಮದ ಹೊರಗೆ ಬಂದ ಕೂಡಲೇ ಲಾರಿ, ಕ್ರೇನು, ಕೈಬ್ಯಾಟರಿ ಎಲ್ಲ ಸತ್ತು ಹೋಗುತ್ತವೆ. ಸಾಮಾನು ಇಳಿಸಲು ಮನುಷ್ಯರ ಬೆನ್ನೇ ಆಗಬೇಕು. ಬಸುರಿ ಇಲ್ಲಿಂದ ಆ ಕಡೆ ಹಾರಲಿಕ್ಕೂ ಹುಣ್ಣಿಮೆಯ ದಿನವೊಂದೇ ಸಲ್ಲುತ್ತದೆ, ಅದೂ ಬಿಸಿಲೇರುವ ಮೊದಲು. ಆ ಹೊತ್ತಿನಲ್ಲಿ ಶತ್ರುವಿನ ಅಲೆಯ ಜೋರು ಕಡಿಮೆ. ತಪ್ಪಿದರೆ ಮುಂದಿನ ಹುಣ್ಣಿಮೆಯ ತನಕ ಕೆರೆಯಲ್ಲೇ ಕೂತಿರಬೇಕು.

ಮೊದಲ ಹುಣ್ಣಿಮೆಗೆ ಹಮಾಲರು ಹತ್ತಲು ಒಪ್ಪಲಿಲ್ಲ. ಬಾಯಿ ತೆರೆದ ಆ ಕತ್ತಲೆಯ ಮುಂದೆ ಮೂಟೆ ಇಳಿಸಿ ಕೂತುಬಿಟ್ಟರು. ಆಗ ಮುದನಾಳದ ಮುದುಕನೊಬ್ಬ, ಕಾಲುವೆಗೆ ಮೊದಲ ನೀರು ಬಂದಾಗ ನಮ್ಮ ಅಜ್ಜಿಯರು ಅದಕ್ಕೆ ಉಡಿ ತುಂಬಿದ ಮೇಲೇ ಜನ ನೀರಿಗಿಳಿದಿದ್ದು, ಇದಕ್ಕೂ ತುಂಬಿರಿ, ಆಮೇಲೆ ನೋಡೋಣ ಎಂದ. ಐವರು ಮುತ್ತೈದೆಯರು ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅರಿಸಿನದ ಕೊಂಬು, ಕುಬಸದ ಕಣ ಹಿಡಿದು ಬಂದರು. ಹಿರಿಯಳು ಒಬ್ಬಳೇ ಒಳಗೆ ಹೋಗಿ ಹೊಟ್ಟೆಯ ನಡುವಿನ ಕೊಂಡಿಗೆ ಉಡಿ ಕಟ್ಟಿದಳು. ಉಳಿದವರು ಬಾಗಿಲಲ್ಲಿ ನಿಂತು ಸೋಬಾನೆ ಹೇಳಿದರು. ಸೈನ್ಯದ ಅಧಿಕಾರಿ ನಕ್ಕು ಫೋಟೋ ತೆಗೆದುಕೊಂಡ. ಹಮಾಲರು ಹತ್ತಿದರು.

ಅಂದಿನಿಂದ ಉಡಿಯಿಲ್ಲದೆ ಬಸುರಿ ಎದ್ದಿಲ್ಲ, ಹುಣ್ಣಿಮೆಗೊಬ್ಬ ಮುತ್ತೈದೆಯ ಪಾಳಿ. ಆ ಪದ್ಧತಿಯ ಬಾಲವಾಗಿ ಇನ್ನೊಂದು ಬಂತು. ಗಂಡ ಸತ್ತವಳು ಕಾಲಿಟ್ಟ ಹೊಟ್ಟೆಯೊಳಗೆ ಹಮಾಲರು ಹೋಗುವುದಿಲ್ಲ. ಹಾಗಾಗಿ ಬಸುರಿಯ ಒಳಗನ್ನು ತೊಳೆಯುವ ಹೆಂಗಸರೂ ಮುತ್ತೈದೆಯರೇ ಆಗಿರಬೇಕೆಂದು ಹಣಮಂತ್ರಾಯ ನಿಯಮ ಮಾಡಿದ. ತೊಳೆಯುವುದೆಂದರೆ ಸಣ್ಣ ಕೆಲಸವಲ್ಲ. ಆ ಕಡೆಯಿಂದ ಬರುವಾಗ ಬಸುರಿಯ ಒಳಗೋಡೆಗೆಲ್ಲ ಬೂದುಬಣ್ಣದ ಪುಡಿ ಅಂಟಿರುತ್ತದೆ. ಹುಣಸೆಹುಳಿ ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಬೇಕು, ತಿಕ್ಕಿದ ಅಂಗೈ ಸುಲಿಯುತ್ತದೆ. ನೆಲದ ಮೇಲೆ ಗಾಯಾಳುಗಳ ರಕ್ತ ಒಣಗಿರುತ್ತದೆ. ಸತ್ತವರನ್ನು ಬಸುರಿ ತರುವುದಿಲ್ಲ. ಭಾರವಂತೆ.

ಕೂಲಿಯ ಜೊತೆ ಪಡಿ ಸಿಗುತ್ತಿತ್ತು. ಯುದ್ಧದ ಕಾಲದಲ್ಲಿ ಅಂಗಡಿಗಳು ಖಾಲಿ. ಕೆರೆಯ ಗೇಟಿನ ಪಡಿಯೊಂದೇ ಜೋಳ, ಬೇಳೆ, ಎಣ್ಣೆ ಕಾಣುವ ದಾರಿ. ಆ ಕಡೆ ಗಂಡಂದಿರು ಸತ್ತಂತೆ ಈ ಕಡೆ ಹೆಂಡಂದಿರ ಪಡಿ ನಿಲ್ಲುತ್ತಿತ್ತು. ಮಲ್ಲಿಕಮ್ಮ ಎಂಬಾಕೆ ಗಂಡ ಸತ್ತ ಸುದ್ದಿಯನ್ನು ಮುಚ್ಚಿಟ್ಟು ಒಂದು ಸಲ ತೊಳೆಯಲು ಹೋಗಿದ್ದಳು. ಗೊತ್ತಾದ ದಿನ ಹಮಾಲರು ಅವಳನ್ನು ಕೂದಲು ಹಿಡಿದು ಕಾಲುವೆಯ ಏರಿಯುದ್ದಕ್ಕೂ ಎಳೆದಾಡಿದರು. ಬಸುರಿಯನ್ನು ಮೊದಲಿನಿಂದ ಮತ್ತೆ ತೊಳೆಯಬೇಕಾಯಿತು. ಮಲ್ಲಿಕಮ್ಮನ ನೆತ್ತರು ಬಿದ್ದ ಏರಿಯ ಕಲ್ಲನ್ನು ತೊಳೆದವಳೂ ಮೋನಮ್ಮನೇ. ಆ ಹೊತ್ತಿಗೆ ಅವಳ ಕೈಯಲ್ಲಿ ನಾರು ಇತ್ತು, ಹಣಮಂತ್ರಾಯ "ಅದನೂ ಒಂದೀಟು ತಿಕ್ಕಿಬಿಡು" ಎಂದಿದ್ದ.

ಅದಾದ ಮೇಲೆ ಹೆಂಗಸರು ಸುದ್ದಿ ಕೇಳುವುದನ್ನು ಬಿಟ್ಟರು. ಬಸುರಿ ಇಳಿದಾಗ ಹಮಾಲರ ಸಾಲಿನಲ್ಲಿ ತನ್ನವನು ಕಂಡರೆ ಸರಿ. ಕಾಣದಿದ್ದರೆ "ಮುಂದಿನ ಸಲ ಬರ್ತಾನ" ಎಂದುಕೊಂಡು ಬಕೆಟ್ಟು ಎತ್ತಿಕೊಳ್ಳುವುದು. ಬಂದವರ ಹತ್ತಿರ ಹೋಗಿ ಅವನೆಲ್ಲಿ ಎಂದು ಯಾರೂ ಕೇಳುವುದಿಲ್ಲ. ಹೇಳಲು ಬಂದವರನ್ನು ಕಂಡರೆ ಓಣಿ ಬದಲಿಸುತ್ತಾರೆ.

ಮೋನಮ್ಮನ ಗಂಡ ಈಶಪ್ಪ ಕಾರಹುಣ್ಣಿಮೆಗೆ ಹತ್ತಿದವನು. ಹೊಡೆಯುತ್ತಿದ್ದ, ಓಣಿಯ ಉಳಿದವರಷ್ಟಲ್ಲ. ಮಲಗಿದಲ್ಲಿಂದ "ನೀರು" ಎನ್ನುವವನು. ಬದನೆಕಾಯಿ ಎಣಗಾಯಿ ಮಾಡಿದ ದಿನ ಮಾತ್ರ ತಾನೇ ಎದ್ದು ಬಂದು ಒಲೆಯ ಮುಂದೆ ಕೂತು, ರೊಟ್ಟಿ ಬಡಿಯುವ ಅವಳ ಕೈಗಳನ್ನು ನೋಡುತ್ತಾ ಉಣ್ಣುತ್ತಿದ್ದ. ಅವನು ಹತ್ತಿದ ಮುಂಜಾವು ಉಡಿ ತುಂಬುವ ಪಾಳಿ ಮೋನಮ್ಮನದೇ ಆಗಿತ್ತು. ನಾಗರ ಪಂಚಮಿ ಹೋಯಿತು, ಬಸುರಿ ಮೂರು ಸಲ ಬಂದು ಹೋಯಿತು. ಸಾಲಿನಲ್ಲಿ ಅವನು ಕಾಣಲಿಲ್ಲ, ಅವಳು ಕೇಳಲಿಲ್ಲ.

ಸೀಗಿ ಹುಣ್ಣಿಮೆಯ ಹಿಂದಿನ ದಿನ ಅಯ್ಯಮ್ಮ ಮುಂಜಾನೆ ಹಾಸಿಗೆಯಿಂದಲೇ ಹೇಳಿದಳು: "ಇವತ್ತು ಮುದನಾಳದ ಬೀಗರು ಬರ್ತಾರ. ಎಣಗಾಯಿ ಮಾಡು, ಸಜ್ಜಿ ರೊಟ್ಟಿ ಮಾಡು, ಹೋಳಿಗಿನೂ ಆಗಲಿ."

"ಹೋಳಿಗಿ ಮಾಡಾಕ ಬೆಲ್ಲ ಎಲ್ಲಿ ಅದ ಅತ್ತಿ?"

"ಕಾಳಿನ ಗಡಿಗಿ ಹಿಂದ ಇಟ್ಟೀನಿ. ಮಾಡು ಅಂದ್ರ ಮಾಡು. ಸವಾಲ್ ಜವಾಬ್ ಬ್ಯಾಡ."

ಮೋನಮ್ಮ ಕೈ ಚುರುಕು ಮಾಡಿದಳು. ಹೂರಣ ರುಬ್ಬಿದಳು, ಬದನೆಕಾಯಿ ಸೀಳಿ ಶೇಂಗಾ ಪುಡಿ ತುಂಬಿದಳು. ಉಪ್ಪು ಸರಿಯಾಗಿದೆಯೇ ಎಂದು ಬೆರಳಿಗೆ ಹಚ್ಚಿಕೊಂಡು ನೆಕ್ಕಿ ನೋಡಿ, ಎಲ್ಲ ಮುಚ್ಚಿಟ್ಟು, ಓಡುತ್ತಾ ಗೇಟಿಗೆ ಹೋದಳು.

ಸಂಜೆ ಬಂದಾಗ ಪಾತ್ರೆಗಳು ಖಾಲಿಯಾಗಿದ್ದವು.

"ಬೀಗರು ಬಂದಿದ್ರೇನು?"

"ಬಂದ್ರು, ಉಂಡ್ರು, ಹೋದ್ರು. ಎಣಗಾಯಿ ಬೇಸ್ ಆಗಿತ್ತು ಅಂದ್ರು."

ಮೋನಮ್ಮ ಪಾತ್ರೆ ಬೆಳಗಲು ಬಚ್ಚಲಿಗೆ ಹೋದಳು. ಅಲ್ಲಿ ಅಡುಗೆಯ ಪಾತ್ರೆಗಳಿದ್ದವು, ಉಂಡ ಗಂಗಾಳಗಳಿರಲಿಲ್ಲ. ನೀರಿನ ಚೊಂಬುಗಳೂ ಅವಳು ಬೆಳಿಗ್ಗೆ ಬೋರಲು ಹಾಕಿದಂತೆಯೇ ಇದ್ದವು. ಸೊಸೆ ಬಂದ ದಿನದಿಂದ ಒಂದು ತಟ್ಟೆಯನ್ನೂ ತೊಳೆದಿರದ ಅಯ್ಯಮ್ಮನಿಗೆ, ಬಂದವರು ಉಂಡರೆ ಎಂಜಲು ಗಂಗಾಳ ಉಳಿಯುತ್ತದೆ ಎಂಬುದು ಹೊಳೆದೇ ಇರಲಿಲ್ಲ.

"ಗಂಗಾಳ ಯಾರು ತೊಳದ್ರು ಅತ್ತಿ?"

"ಎಲಿ ಮ್ಯಾಲೆ ಉಂಡ್ರು."

"ಎಲಿ ಎಲ್ಲಿ ಒಗದೀರಿ?"

ಅಯ್ಯಮ್ಮ ಎಲೆಯಡಿಕೆಯ ಸಂಚಿಗೆ ಕೈ ಹಾಕಿದಳು. ಮೊಣಕಾಲು ನೋವೆಂದು ಹೊಸ್ತಿಲು ದಾಟದ ಮುದುಕಿಯ ಸೀರೆಯಂಚಿಗೆ ಕಾಲುವೆಯ ಏರಿಯಲ್ಲಿ ಬೆಳೆಯುವ ಮುಳ್ಳುಬೀಜಗಳು ಅಂಟಿಕೊಂಡಿದ್ದವು. ಮೋನಮ್ಮ ಅದನ್ನು ನೋಡಿದಳು. ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಂಡು ಹೊರಗೆ ನಡೆದಳು.

ಏರಿಯ ಮೇಲೆ ಜಾಲಿಮರದ ಬುಡದಲ್ಲಿ ಮುತ್ತುಗದ ಎಲೆಯಿತ್ತು. ಒಂದೇ ಎಲೆ. ಅದರ ಮೇಲೆ ಎಣಗಾಯಿ, ಕಾಗೆ ಕುಕ್ಕಿ ಹರಿದ ಹೋಳಿಗೆ, ಮುರಿದ ಸಜ್ಜೆ ರೊಟ್ಟಿ. ಎಲೆಯ ಮಗ್ಗುಲಿಗೆ ಈಶಪ್ಪ ಸೇದುವ ಬೀಡಿಯ ಕಟ್ಟು, ಕಡ್ಡಿಪೆಟ್ಟಿಗೆ.

ಸಾವಿನ ಸುದ್ದಿ ಬಂದ ಮೂರನೆಯ ದಿನ ಸತ್ತವರಿಗೆ ಇಡುವ ಎಡೆ ಅದು. ಗಂಡನ ಎಡೆಯ ಅಡುಗೆಯನ್ನು ಅವಳ ಕೈಯಲ್ಲೇ ಮಾಡಿಸಿದ್ದರು. ಎಡೆಯನ್ನು ಎಂಜಲು ಮಾಡಬಾರದು. ಅವಳು ಉಪ್ಪು ನೋಡಿದ್ದಳು.

ಇನ್ನು ಯಾರೂ ಮಲಗಿದಲ್ಲಿಂದ "ನೀರು" ಎನ್ನುವುದಿಲ್ಲ ಎಂಬುದು ಮೋನಮ್ಮನಿಗೆ ಮೊದಲು ಹೊಳೆದದ್ದು. ಇಂಥ ಹೊತ್ತಿನಲ್ಲಿ ಇದು ಹೊಳೆಯಿತಲ್ಲ ಎಂದು ನಾಚಿಕೆಯಾಯಿತು. ಅದರ ಹಿಂದೆಯೇ ಒಲೆಯ ಮುಂದೆ ಕೂತು ತನ್ನ ಕೈಗಳನ್ನು ನೋಡುವ ಅವನ ಕಣ್ಣು ನೆನಪಾಯಿತು. ಕೆಳಗೆ ಕಾಲುವೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿದ್ದರು. ಸೆರಗನ್ನು ಬಾಯಿಗೆ ತುರುಕಿಕೊಂಡು ಮನೆಗೆ ಬಂದಳು.

"ಕದ ಹಾಕು ಮೊದಲ," ಎಂದಳು ಅಯ್ಯಮ್ಮ.

"ಯಾರು ಹೇಳಿದ್ರು?"

"ವಡಗೇರಾದ ಹಮಾಲ, ಕೈ ಕಳಕೊಂಡು ಬಂದಾನಲ್ಲ, ಅಂವ ಬಾಗಲಿಗೆ ಬಂದು ಹೇಳ್ಯಾನ. ಪೆಟ್ಟಿಗಿ ಕೆಳಗ ಸಿಕ್ಕ ಅಂತ. ಪೆಟ್ಟಿಗಿ ಎತಗೊಂಡ್ರು, ಅವನ್ನ ಅಲ್ಲೇ ಬಿಟ್ರು."

"ನನಗ ಹೇಳಬೇಕಿತ್ತು."

"ಹೇಳಿ ಏನು ಮಾಡ್ಲಿ? ನೀ ಎದಿ ಬಡಕೊಂಡು ಅಳಾಕಿ, ಓಣಿ ಮಂದಿ ಕೂಡೋದು, ಮುಂಜಾನಿ ಆ ಹಣಮಂತ್ರಾಯನ ಬ್ಯಾಟರಿ ನಿನ್ನ ಬರೇ ಹಣಿ ಮ್ಯಾಲೆ ಬೀಳೋದು. ಆಮ್ಯಾಲೆ ಏನು ತಿನ್ನೂಣು? ನಿನ್ನ ಅಳು ತಿನ್ನೂಣೇನು?"

"ಅಂವ ನಿಮ್ಮ ಮಗ ಅತ್ತಿ."

"ನನಗ ಹೇಳ್ತಿ? ಹಡದಾಕಿ ನಾ. ನಾನೇ ಅತ್ತಿಲ್ಲ, ನಿನಗ್ಯಾಕ ಇಷ್ಟು ಅವಸರ?" ಮುದುಕಿಯ ಕಣ್ಣು ಒಣಗಿತ್ತು. "ನಾಳಿ ಹುಣ್ಣಿವಿ. ಪಾಳಿ ನಿಂದು. ಹೋಗಿ ಉಡಿ ತುಂಬು. ನಿನ್ನ ಉಡಿಗೆ ದೇವರು ಒಂದು ಕೂಸು ಹಾಕಲಿಲ್ಲ, ಆ ಇಮಾನದ ಉಡಿ ತುಂಬಿಯಾದ್ರೂ ಈ ಮನಿಗೆ ಕೂಳು ತಾ."

ಅಯ್ಯಮ್ಮ ದಿಂಬಿನ ಕೆಳಗಿನಿಂದ ಒಂದು ಪೊಟ್ಟಣ ತೆಗೆದಳು. ಹೊಸ ಹಸಿರು ಬಳೆಗಳು. ಸೊಸೆಯ ಕೈ ಎಳೆದುಕೊಂಡು ಎಣ್ಣೆ ಸವರಿ, ಹುಣಸೆಹುಳಿಯಿಂದ ಸುಲಿದಿದ್ದ ಅಂಗೈಯನ್ನು ಹಿಂಡಿ ಒಂದೊಂದಾಗಿ ತೊಡಿಸಿದಳು. ಮೋನಮ್ಮ ನೋವಿಗೆ ಕೈ ಹಿಂದೆಗೆದಾಗ ಮುಂಗೈಗೆ ಪಟ್ಟನೆ ಹೊಡೆದು ಮತ್ತೆ ಹಿಡಿದುಕೊಂಡಳು. ಮದುವೆಯಲ್ಲಿಯೂ ಅಯ್ಯಮ್ಮ ಅವಳಿಗೆ ಇಷ್ಟು ಬಳೆ ಇಡಿಸಿರಲಿಲ್ಲ.

ಹೆಂಡತಿಯಾಗಿರುವುದು ದುಡಿಮೆಯೆಂದು ಮೋನಮ್ಮನಿಗೆ ಗೊತ್ತಿತ್ತು. ಗಂಡನಿಲ್ಲದಿದ್ದರೂ ಆ ದುಡಿಮೆಯಿಂದ ಬಿಡುಗಡೆಯಿಲ್ಲ ಎಂಬುದು ಅಂದು ಗೊತ್ತಾಯಿತು.

ಹುಣ್ಣಿಮೆಯ ಮುಂಜಾವು ಗೇಟಿನಲ್ಲಿ ಬ್ಯಾಟರಿಯ ಬೆಳಕು ಅವಳ ಮುಂಗೈ ಮೇಲೆ ನಿಂತಿತು.

"ಅಹಹಾ, ಹೊಸ ಬಳಿ! ಈಶಪ್ಪ ಬರೋ ಸುದ್ದಿ ಬಂದದೇನ?"

"ಹೌದ್ರಿ," ಎಂದಳು ಮೋನಮ್ಮ.

ಒಳಗೆ ಹಮಾಲರು ಸಾಲಾಗಿ ಕೂತಿದ್ದರು. ದೇವಕಮ್ಮನ ಗಂಡ ತಿಮ್ಮಣ್ಣನಿಗೆ ಇದು ಮೊದಲ ಸಲ. ಹೆದರಿಕೆಗೆ ಬಾಯ್ತುಂಬ ತಂಬಾಕು ಹಾಕಿಕೊಂಡು ಉಗುಳಲೂ ಮರೆತಿದ್ದ. ದೇವಕಮ್ಮ ಮೋನಮ್ಮನ ತೋಳು ಹಿಡಿದು ಪಕ್ಕಕ್ಕೆ ಕರೆದಳು.

"ಯಕ್ಕಾ, ನಿನ್ನ ಪಾಳಿ ಬಂದದ್ದು ಬೇಸ್ ಆತು. ಉಗಾದಿ ಮುಂದಿನ ಹುಣ್ಣಿವಿಗೆ ನೀ ತುಂಬಿದ್ದಿ ನೋಡು, ಹೋದವರೆಲ್ಲ ತಿರುಗಿ ಬಂದಿದ್ರು. ನಿನ್ನ ಕೈಗುಣ ಭಾಳ ಚಲೋ. ನಮ್ಮಂವಂದೂ ಒಂದು ಹೆಸರು ಹೇಳಿ ಕಟ್ಟಬೇ."

"ಕಟ್ತೀನಿ ತೊಗೋ."

"ಅವನ ಹೊಟ್ಟಿ ನೋಡು. ಹೊಟ್ಟ್ಯಾಗ ಹೊಟ್ಟಿ ಹಿಡಿಸ್ತದೋ ಇಲ್ಲೋ," ಎಂದು ದೇವಕಮ್ಮ ನಗಲು ಹೋಗಿ, ನಗು ಅರ್ಧಕ್ಕೇ ಮುರಿದು, ಮೋನಮ್ಮನ ಹೊಸ ಬಳೆಗಳನ್ನು ಕಣ್ಣಿಗೊತ್ತಿಕೊಂಡಳು.

ಮೋನಮ್ಮ ಉಡಿಯ ಮೊರ ಹಿಡಿದು ಇಳಿಜಾರು ಬಾಗಿಲು ಹತ್ತಿ ಒಳಗೆ ಹೋದಳು. ಅವಳ ಹಿಂದೆ ಸೋಬಾನೆ ಶುರುವಾಯಿತು. ಹೊಟ್ಟೆ ತುಂಬ ಪೆಟ್ಟಿಗೆಗಳನ್ನು ಮಾಡಿನವರೆಗೆ ಪೇರಿಸಿದ್ದರು. ನಡುವೆ ಹಮಾಲರು ಮಂಡಿ ಮಡಚಿ ಕೂರುವಷ್ಟು ಓಣಿ. ಎರಡೂ ಬದಿಯ ಗೋಡೆಗಳನ್ನು ಅವಳೇ ತಿಕ್ಕಿದ್ದಳು. ಕೊಂಡಿಯ ಹತ್ತಿರ ಬಂದು ಮೊರ ಕೆಳಗಿಟ್ಟು, ಕಣದ ಬಟ್ಟೆಯಲ್ಲಿ ಅಕ್ಕಿ ಸುರಿಯಲು ಕೈ ಹಾಕಿ ಹಾಗೇ ನಿಂತಳು.

ಕಾರಹುಣ್ಣಿಮೆಯಂದು ಇದೇ ಕೊಂಡಿಗೆ ಕಟ್ಟಿದ್ದಳು. ಅಂದು ಅವಳಿಗೆ ಗಂಡನಿದ್ದ, ಹಣೆಯ ಕುಂಕುಮದಲ್ಲಿ ಸುಳ್ಳಿರಲಿಲ್ಲ, ಹೆಸರು ಹೇಳಿ ಮೂರು ಗಂಟು ಹಾಕಿದ್ದಳು. ಬಸುರಿ ಅಕ್ಕಿಯನ್ನೂ ತೆಗೆದುಕೊಂಡಿತು, ಅವನನ್ನೂ ತೆಗೆದುಕೊಂಡಿತು. ಮುತ್ತೈದೆಯ ಕೈಗೆ ಕಾಯುವ ಶಕ್ತಿಯಿಲ್ಲ. ಹಾಗಿದ್ದರೆ ಮುಂಡೆಯ ಕೈಗೆ ಕೊಲ್ಲುವ ಶಕ್ತಿಯೂ ಇರಲಾರದು. ಸುಮ್ಮನೆ ಕಟ್ಟಿ ಇಳಿದರೆ ಯಾರಿಗೂ ಏನೂ ಕೆಡುವುದಿಲ್ಲ. ಸಂಜೆಗೆ ಪಡಿ, ಅತ್ತೆಗೆ ರೊಟ್ಟಿ, ನಾಳೆ ಮತ್ತೆ ನಾರು. ತಿಮ್ಮಣ್ಣ ಹೋಗುತ್ತಾನೆ. ಸಾಲಿನಲ್ಲಿ ಅವನು ಕಾಣದ ದಿನ ದೇವಕಮ್ಮನಿಗೆ ತಾನೇ ಬಕೆಟ್ಟು ಎತ್ತಿಕೊಟ್ಟು "ಮುಂದಿನ ಸಲ ಬರ್ತಾನ ತೊಗೋ" ಎನ್ನಬೇಕು. ಅವಳ ಮನೆಯಲ್ಲಿಯೂ ಯಾರೋ ಒಬ್ಬರು ಬೀಗರು ಬರುತ್ತಾರೆಂದು ಹೇಳಿ ಹೋಳಿಗೆ ಮಾಡಿಸುತ್ತಾರೆ.

ಉಡಿಗೆ ಶಕ್ತಿಯಿಲ್ಲ. ಆದರೆ ಹೊರಗೆ ಕೂತ ಗಂಡಸರಿಗೆ ಅದು ಗೊತ್ತಿಲ್ಲ. ತಿಳಿದೂ ತಿಳಿದೂ ಮುಂಡೆಯೊಬ್ಬಳು ಹೊಟ್ಟೆಯ ನಡುವೆ ನಿಂತು ಬಂದಳೆಂದರೆ ಕಾಲುವೆಯ ನೀರೆಲ್ಲ ಸುರಿದು ತೊಳೆದರೂ ಬಿಸಿಲೇರುವುದರೊಳಗೆ ಅವರು ಹತ್ತುವುದಿಲ್ಲ. ಇವತ್ತಿನ ಹಾರಾಟ ತಪ್ಪುತ್ತದೆ. ಮುಂದಿನ ಹುಣ್ಣಿಮೆಗೆ ಬೇರೆ ಮುತ್ತೈದೆ ಸಿಗುತ್ತಾಳೆ, ಬೇರೆ ಊರಿನ ಹಮಾಲರೂ ಸಿಗುತ್ತಾರೆ, ಯುದ್ಧವೇನೂ ನಿಲ್ಲುವುದಿಲ್ಲ. ಸಿಗುವುದು ಒಂದು ತಿಂಗಳು, ಅಷ್ಟೇ. ಅದಕ್ಕೆ ಬದಲಾಗಿ ಅವಳಿಗೇನು ಸಿಗುತ್ತದೆ ಎಂಬುದನ್ನು ಅವಳು ಏರಿಯ ಕಲ್ಲಿನ ಮೇಲೆ ತಿಕ್ಕಿ ನೋಡಿದ್ದಳು. ಮೊದಲು ಕೂದಲಿಗೆ ಕೈ ಹಾಕುವವನು ತಿಮ್ಮಣ್ಣನೇ ಆಗಿರಬಹುದು. ದೇವಕಮ್ಮ ಬಿಡಿಸಲು ಬರುತ್ತಾಳೋ ಕಲ್ಲು ಎತ್ತಿಕೊಳ್ಳುತ್ತಾಳೋ ಹೇಳಲಾಗದು. ಅಯ್ಯಮ್ಮ ಉಪವಾಸ ಬೀಳುತ್ತಾಳೆ.

ಹೊರಗೆ ಸೋಬಾನೆ ಕೊನೆಯ ಸೊಲ್ಲಿಗೆ ಬಂದಿತ್ತು. "ಆತೇನವಾ? ಜಲ್ದಿ!" ಎಂದು ಹಣಮಂತ್ರಾಯ ಕೂಗಿದ.

ಮೋನಮ್ಮ ಅಕ್ಕಿಯ ಮೊರವನ್ನು ಅಲ್ಲೇ ಬಿಟ್ಟಳು. ಕೊಂಡಿಗೆ ಏನೂ ಕಟ್ಟಲಿಲ್ಲ. ಬಾಗಿಲಿಗೆ ಬಂದು, ಸಾಲಿನ ಕೊನೆಯವನಿಗೂ ಕಾಣುವಂತೆ ಇಳಿಜಾರಿನ ತುದಿಯಲ್ಲಿ ನಿಂತು, ಸೋಬಾನೆಯ ದನಿಗಿಂತ ದೊಡ್ಡ ದನಿ ತೆಗೆದು ಹೇಳಿದಳು:

"ನನ್ನ ಗಂಡ ಆ ಕಡೆ ಸತ್ತಾನ. ನನಗ ನಿನ್ನೇನೇ ಗೊತ್ತಿತ್ತು. ಗೊತ್ತಿದ್ದೇ ಒಳಗ ಹೋಗಿ ಬಂದೀನಿ."